ಮೆರೋಪಿಯ ಕಣ್ಣಿನ ಬಣ್ಣ

“ಇದೇನು, ಕೆನ್ನೆ ಇಷ್ಟು ಕೆಂಪು? ಟೊಮ್ಯಾಟೊ ಮಾರೋಕೆ ಹೊರಟಿದ್ದೀನಾ ನಾನು?”

ಮೆರೋಪಿ ಫೋಟೋವನ್ನು ಮೇಜಿನ ಮೇಲಿಟ್ಟು ನಕ್ಕಳು. ಆರ್ಗೀರಿಸ್ ತಲೆ ತಗ್ಗಿಸಿ, “ನಾಡಿದ್ದು ಬನ್ನಿ, ಸರಿಮಾಡಿಡ್ತೀನಿ,” ಅಂದ.

ಪಿರೇಯಸ್ ಬಂದರಿನ ಆ ಸ್ಟುಡಿಯೋದಲ್ಲಿ ಕಪ್ಪು-ಬಿಳುಪು ಫೋಟೋಗಳಿಗೆ ಬಣ್ಣ ಹಚ್ಚುವುದು ಅವನ ಹೊಟ್ಟೆಪಾಡು. ಅವನು ಬರೆದ ಚಿತ್ರಗಳನ್ನು ಯಾರೂ ಕೊಳ್ಳುತ್ತಿರಲಿಲ್ಲ. ಕವಿತೆಗಳನ್ನು ಜನ ಕಾಫಿ ಅಂಗಡಿಯಲ್ಲಿ ಗಟ್ಟಿಯಾಗಿ ಓದಿಕೊಂಡು ನಗುತ್ತಿದ್ದರು. ನಲವತ್ತು ದಾಟಿದರೂ ಒಂಟಿ. ಯುದ್ಧ ಮುಗಿದ ಮೇಲೆ ಊರ ಹುಡುಗಿಯರು ಆಸ್ಟ್ರೇಲಿಯಾಕ್ಕೆ ವಲಸೆ ಹೋದ ಗಂಡುಗಳಿಗೆ ಫೋಟೋ ಕಳಿಸಿ, ಒಪ್ಪಿಗೆ ಬಂದರೆ ಹಡಗು ಹತ್ತುತ್ತಿದ್ದ ಕಾಲ ಅದು. ಮೆರೋಪಿಯ ಫೋಟೋ ಮೆಲ್ಬರ್ನಿನ ಯಾವನೋ ಬೇಕರಿಯವನಿಗೆ ಹೋಗಬೇಕಿತ್ತು.

ಮುಂದಿನ ಸಲ ತುಟಿಗೆ ಬಣ್ಣ ಜಾಸ್ತಿಯಾಯಿತು. ಆಮೇಲೆ ಕಣ್ಣು ಹಸಿರಾಯಿತು.

“ನನ್ನ ಕಣ್ಣು ಯಾವ ಬಣ್ಣ, ಹೇಳಿ ನೋಡೋಣ,” ಎಂದು ಅವಳು ಮೇಜಿನ ಮೇಲೆ ಬಾಗಿದಳು.

ಅವನು ನೋಡಿದ. ಎಡಗಣ್ಣಿನ ಅಂಚಿನಲ್ಲಿ ಒಂದು ಸಣ್ಣ ಕಪ್ಪು ಚುಕ್ಕೆ. ನೋಡುತ್ತಲೇ ಉಳಿದ. ಅವಳೂ ರೆಪ್ಪೆ ಬಡಿಯಲಿಲ್ಲ.

“ಕವಿಗಳೇ, ಇಷ್ಟು ಹೇಳೋಕೆ ಇಷ್ಟು ಹೊತ್ತಾ?”

“ಜೇನಿನ ಬಣ್ಣ,” ಎಂದ. ಕಿವಿ ಬಿಸಿಯಾಗಿತ್ತು.

ಆ ಕಣ್ಣಿಗೆ ಇನ್ನೊಂದು ಸಲ ಸುಳ್ಳು ಬಣ್ಣ ಬಳಿಯಲು ಅವನ ಕೈ ಏಳಲಿಲ್ಲ. ಇದ್ದದ್ದು ಇದ್ದಂತೆ ಹಚ್ಚಿಕೊಟ್ಟ. ಫೋಟೋ ಹೋಯಿತು, ಒಪ್ಪಿಗೆಯೂ ಟಿಕೆಟ್ಟೂ ಒಟ್ಟಿಗೇ ಬಂದವು.

ಅವಳು ಹೊರಡುವ ದಿನ ಅವನೂ ಬಂದರಿಗೆ ಹೋಗಿ ಜನರ ಹಿಂದೆ ನಿಂತ. ಅವಳೇ ಕಂಡು ಹತ್ತಿರ ಬಂದಳು.

“ಅಷ್ಟು ಸಲ ಬಣ್ಣ ಕೆಡಿಸಿದ್ದು ಬೇಕಂತಲೇ ಅಲ್ವಾ?”

“ಗೊತ್ತಿತ್ತಾ?”

“ಗೊತ್ತಿದ್ದೇ ಬರ್ತಿದ್ದೆ. ಬಾಯಿಬಿಟ್ಟು ಹೇಳ್ತೀರಿ ಅಂತ ಕಾದೆ.”

“ಏನಂತ ಹೇಳಲಿ? ಒಂದು ಕೋಣೆ, ಯಾರಿಗೂ ಬೇಡದ ಚಿತ್ರಗಳು. ನನ್ನ ಹತ್ತಿರ ಇನ್ನೇನಿದೆ?”

“ನಾನೇನಾದರೂ ಕೇಳಿದೆನಾ?”

ದೂರದಿಂದ ಅವಳ ಅಮ್ಮ ಕೂಗಿದಳು. ಅಕ್ಕನ ಮದುವೆಯಾಗಲಿ ಎಂದು ಕಾದಿದ್ದ ತಂಗಿಯರಿಬ್ಬರು ಪೆಟ್ಟಿಗೆ ಹಿಡಿದು ನಿಂತಿದ್ದರು.

“ಹೋಗಬೇಡ, ಮೆರೋಪಿ.”

ಅವಳ ಕಣ್ಣು ತುಂಬಿತು. “ಇಷ್ಟೇ ಮಾತು, ಹೋದ ತಿಂಗಳು ಹೇಳಿದ್ದರೆ...”

ಅವನ ಬೆರಳುಗಳನ್ನು ಒಮ್ಮೆ ಕೆನ್ನೆಗೆ ಒತ್ತಿಕೊಂಡು, ತಿರುಗಿ ನೋಡದೆ ಹೋದಳು.

ಹಡಗು ಕಣ್ಮರೆಯಾಯಿತು. ಜನ ಕರಗಿದರು. ಮಗಳನ್ನು ಕಳಿಸಿಕೊಟ್ಟ ಮುದುಕಿಯೊಬ್ಬಳು ಮಾತ್ರ ಅಳುತ್ತಾ ಅಲ್ಲೇ ಬೆಂಚಿನ ಮೇಲೆ ಕೂತಿದ್ದಳು.

“ನಿನ್ನವರು ಯಾರು ಮಗಾ ಹೋಗಿದ್ದು?”

ಅವನು ಹಡಗು ಹೋದ ದಿಕ್ಕಿಗೆ ನೋಡಿದ.

“ನಾನು ಪ್ರೀತಿಸಿದವಳು, ಅಮ್ಮ.”

ಮುದುಕಿ ಸರಿದು ಕೂತು, ತನ್ನ ಒದ್ದೆ ಕರವಸ್ತ್ರವನ್ನೇ ಅವನ ಕೈಗಿಟ್ಟಳು.