ಹಿರಿಯಣ್ಣನವರ ಹುಲ್ಲುಮರ

ಯುಗಾದಿ ಊಟದ ಹೊತ್ತಿಗೆ, ಸಿಡ್ನಿಯ ಹ್ಯಾರಿಸ್ ಪಾರ್ಕಿನ ಕನ್ನಡಿಗರೆಲ್ಲರ ಎದುರು ಹಿರಿಯಣ್ಣನವರು ಹೇಳಿಬಿಟ್ಟಿದ್ದರು: “ನಿನ್ನ ಕೈಗೆ ಪ್ಲಾಸ್ಟಿಕ್ ಹೂವೇ ಸರಿ ಕಣೋ ಮೂರ್ತಿ.” ಸತ್ತಿದ್ದು ಮೂರ್ತಿ ನೆಟ್ಟ ಎರಡು ಗುಲಾಬಿ ಗಿಡ, ನಕ್ಕಿದ್ದು ಮನೆ ತುಂಬ ಜನ. ಆ ನಗು ಮೂರ್ತಿಗೆ ಅರಗಲೇ ಇಲ್ಲ.

ಪಕ್ಕದ ಮನೆಯ ಈ ಮುದುಕರ ಜೀವವೆಲ್ಲ ಹಿತ್ತಲಿನ ಗ್ರಾಸ್ ಟ್ರೀಯಲ್ಲಿತ್ತು. ಅವರು ಅದನ್ನು ಹುಲ್ಲುಮರ ಅನ್ನುತ್ತಿದ್ದರು. ಕರಿ ಬೊಡ್ಡೆ, ಅದರ ಮೇಲೆ ಕೆದರಿದ ಹುಲ್ಲಿನ ಜುಟ್ಟು. ವರ್ಷಕ್ಕೆ ಒಂದು ಸೆಂಟಿಮೀಟರ್ ಬೆಳೆಯುವ ಆ ಸೋಮಾರಿ ಎದೆಮಟ್ಟ ಬಂದಿತ್ತು, ಅಂದರೆ ವಯಸ್ಸು ನೂರು ದಾಟಿತ್ತು.

2006ರ ಕೊನೆಗೆ ಮಗಳ ಬಾಣಂತನಕ್ಕೆಂದು ಹಿರಿಯಣ್ಣ ದಂಪತಿ ಮೆಲ್ಬರ್ನಿನ ವಿಂಡಮ್ ವೇಲ್‌ಗೆ ಹೊರಟರು. ಮೂರು ತಿಂಗಳು ಹಿತ್ತಲು ಮೂರ್ತಿಯ ವಶ. ಸಿಡ್ನಿಯಲ್ಲಿ ಬರ, ಗಿಡಕ್ಕೆ ಪೈಪ್ ಹಿಡಿಯಲೂ ವಾರಕ್ಕೆ ಇಂತಿಷ್ಟೇ ದಿನವೆಂಬ ಕಟ್ಟಳೆ. ಮರ ಒಣಗಿದರೆ ಅಪವಾದ ಬರಕ್ಕೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮೂರ್ತಿ ದೂರದ ಸಬರ್ಬ್‌ನಲ್ಲಿ ಕಳೆನಾಶಕ ಕೊಂಡ. ಮೂರು ಶನಿವಾರ ಗ್ಲೌಸ್ ಹಾಕಿಕೊಂಡು, ನೆಲಕ್ಕೆ ಹನಿಯೂ ಬೀಳದಂತೆ ಸುಳಿಗೇ ಸುರಿದ. ಒಣಗಿದ ಲಾನಿನ ಫೋಟೋ ತೆಗೆದು, ಬಿಸಿಲು ವಿಪರೀತ ಎಂದು ಮೇಲ್ ಕಳಿಸಿದ.

ಜಪ್ಪಯ್ಯ ಎಂದರೂ ಮರ ಬಾಡಲಿಲ್ಲ. ಹಿರಿಯಣ್ಣನವರು ಬಂದಾಗ ಹಸಿರಾಗಿಯೇ ನಿಂತಿತ್ತು. “ಈ ಬರದಲ್ಲೂ ಉಳಿಸಿಕೊಟ್ಟೆಯಲ್ಲೋ,” ಎಂದು ತಬ್ಬಿಕೊಂಡರು. ಮುಂದಿನ ಯುಗಾದಿಯಲ್ಲಿ ಎಲ್ಲರ ಎದುರು ತಮ್ಮ ಹಳೆಯ ಮಾತಿಗೆ ಕ್ಷಮೆ ಕೇಳಿದರು, ಆಮೇಲೆ ಅವನನ್ನು ಮಗನೆಂದೇ ಕರೆಯತೊಡಗಿದರು. ಮೂರ್ತಿ ನಾಚಿಕೆಯಿಂದ ಕುಗ್ಗಿಹೋದ. ಸದ್ಯ, ದೇವರು ದೊಡ್ಡವನು, ಪಾಪ ತಪ್ಪಿಸಿದ ಎಂದುಕೊಂಡ. ಪ್ರಾಯಶ್ಚಿತ್ತಕ್ಕೆಂದು ಅಕ್ಕಿ ತೊಳೆದ ನೀರನ್ನು ದಿನವೂ ಬಕೆಟ್‌ನಲ್ಲಿ ಹೊತ್ತು ತಂದು ಮರದ ಬುಡಕ್ಕೆ ಹಾಕತೊಡಗಿದ. ಆದರೂ ಅವರು ‘ಮಗನೇ’ ಎಂದಾಗಲೆಲ್ಲ ಅವನಿಗೆ ನೆಲ ನೋಡುವಂತಾಗುತ್ತಿತ್ತು.

2008ರ ಕೊನೆಗೆ ಜುಟ್ಟು ಕಂದಿತು. ಪರೀಕ್ಷಿಸಲು ಬಂದ ನರ್ಸರಿಯ ಹೆಂಗಸು ಸುಳಿ ಹಿಡಿದೆಳೆದಳು, ಹಿಡಿಯಷ್ಟು ಕಿತ್ತುಬಂತು. ಬರಕ್ಕೂ ಬೆಂಕಿಗೂ ಜಗ್ಗುವ ಮರವಲ್ಲ ಇದು, ಯಾರೋ ಸುಳಿಗೆ ವಿಷ ಹಾಕಿದ್ದಾರೆ ಎಂದಳು. ಮೂರ್ತಿಯೇ ಮೊದಲು ಬಾಯಿ ಹಾಕಿ, ಈಚೆಗೆ ಯಾರೋ ಬೇಲಿ ಹಾರಿ ಬಂದಿರಬೇಕು ಎಂದ. ಈಚೆಗಲ್ಲ, ಎಂದಳು ಆಕೆ. ಇದಕ್ಕೆ ಬೆಳೆಯುವುದರಲ್ಲೂ ಅವಸರವಿಲ್ಲ, ಸಾಯುವುದರಲ್ಲೂ ಅವಸರವಿಲ್ಲ. ಸತ್ತ ಮೇಲೂ ಎರಡು ವರ್ಷ ಹಸಿರಾಗಿಯೇ ಇರುತ್ತದೆ. ಹಿರಿಯಣ್ಣನವರು ಬೆರಳು ಮಡಿಸಿ ತಿಂಗಳು ಎಣಿಸಿದರು. “ಆಗ ನಾನು ಮೆಲ್ಬರ್ನ್‌ನಲ್ಲಿದ್ದೆ,” ಎಂದು ಮೆಲ್ಲಗೆ ಅಂದು, ಮೂರ್ತಿಯ ಕೈಯಲ್ಲಿದ್ದ ಬಕೆಟ್ ಇಸಿದುಕೊಂಡು ಕೆಳಗಿಟ್ಟರು.