ಹಣ್ಣಿಲ್ಲದ ಸಾಲಿನ ಮೇಲೆ ಕಣ್ಣು

ಹುಣಸೂರಿನ ಆ ಮನೆಯ ಬಾಗಿಲು ತಟ್ಟಿದವರೆಲ್ಲ ಕೇಳುತ್ತಿದ್ದುದು ಒಂದೇ ಮಾತು: "ಅಮ್ನೋರು ಅವ್ರಾ?" ಮೂವತ್ತೈದು ವರ್ಷ ತೋಟಗಾರಿಕೆ ಇಲಾಖೆಯಲ್ಲಿ ದುಡಿದು, ಸುತ್ತಲಿನ ರೈತರಿಗೆಲ್ಲ ಕಸಿ ಕಟ್ಟುವುದನ್ನು ಕಲಿಸಿದ್ದ ಪುಟ್ಟಮಲ್ಲಪ್ಪನವರಿಗೆ ಈ ಮಾತು ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು. ಅಂಚೆ ಕಚೇರಿಯಲ್ಲಿ ಠಸ್ಸೆ ಒತ್ತಿಕೊಂಡಿದ್ದ ಅವರ ಹೆಂಡತಿ ಗುರುಶಾಂತಮ್ಮ ನಿವೃತ್ತಿಯಾದ ಮೇಲೆ ನಾಲ್ಕು ಕಳವು, ಒಂದು ಕಾಣೆಯಾದ ಎಮ್ಮೆ, ಒಂದು ಸುಳ್ಳು ಉಯಿಲು ಪತ್ತೆ ಮಾಡಿದ್ದರು. ಅಷ್ಟಕ್ಕೇ ಇಡೀ ಸೀಮೆ ಅವರ ಹೆಸರು ಹೇಳಬೇಕೆ? ಪುಟ್ಟಮಲ್ಲಪ್ಪನವರಿಗೆ ಹೆಂಡತಿಯ ಮೇಲೆ ಪ್ರೀತಿಯೂ ಇತ್ತು, ಹೊಟ್ಟೆಕಿಚ್ಚೂ ಇತ್ತು. ಎರಡನ್ನೂ ಮುಚ್ಚಿಟ್ಟುಕೊಂಡಿದ್ದೇನೆಂದು ಅವರು ನಂಬಿದ್ದರು.

ಆಷಾಢದ ಆ ಬೆಳಿಗ್ಗೆ ಬಂದವಳೂ ಅದನ್ನೇ ಕೇಳಿದಳು. ಪಿರಿಯಾಪಟ್ಟಣದ ಕಡೆಯ ಕೆಂಪಯ್ಯನ ಕಿರಿಸೊಸೆ, ವಾಣಿಶ್ರೀ. ಒಂದು ಬುಟ್ಟಿ ಮರಸೇಬು ಜಗಲಿಯ ಮೇಲಿಟ್ಟು ಗೊಳೋ ಎಂದು ಅತ್ತಳು.

"ನನ್ ಮರ ಕಡ್ದಾಕವ್ರೆ ಕಣ್ರಮ್ಮಾ! ಏಳರಲ್ಲಿ ಐದು ನೆಲ ಕಚ್ಚವೆ. ನಿನ್ನೆ ನಾವೆಲ್ಲ ಹೊಗೆಸೊಪ್ಪಿನ ಹೊಲಕ್ಕೋಗಿದ್ದೊ. ಮನೇಲಿದ್ದೋಳು ನಮ್ಮಕ್ಕ ಸುನಂದಮ್ಮ ಒಬ್ಳೇ. ಜ್ವರ ಅಂತ ಮಲ್ಗಿದ್ಳು."

ಅಕ್ಕ ಎಂದರೆ ಓರಗಿತ್ತಿ, ಕೆಂಪಯ್ಯನ ಹಿರಿಸೊಸೆ. ಗಂಡನಿಲ್ಲ, ಮಕ್ಕಳಿಲ್ಲ. ಆರು ವರ್ಷದ ಹಿಂದೆ ಕೆಂಪಯ್ಯ ಕೈಯಾರೆ ಕಸಿ ಕಟ್ಟಿ, ಸೊಸೆಗೊಂದರಂತೆ ಎರಡು ಸಾಲು ಮರಸೇಬು ನೆಟ್ಟಿದ್ದ. ಒಂದೇ ತಾಯಿಮರದ ಕಡ್ಡಿ, ಒಂದೇ ಮಣ್ಣು, ಒಂದೇ ನೀರು. ಆದರೂ ವಾಣಿಶ್ರೀಯ ಮರಗಳು ಆಳೆತ್ತರಕ್ಕೇ ನಿಂತು ಮೂರನೇ ವರ್ಷದಿಂದ ಮೈತುಂಬ ಕಾಯಿ ಬಿಟ್ಟವು. ಸುನಂದಮ್ಮನವು ಮನೆಗಿಂತ ಎತ್ತರ ಬೆಳೆದವು, ಒಂದು ಕಾಯಿಯನ್ನೂ ಬಿಡಲಿಲ್ಲ.

"ನನ್ ಸಾಲು ನೋಡಿ ನೋಡಿ ಉರ್ಕೊಂಡೋಳು ಅವ್ಳು. ಇವತ್ತು ಎರಡು ಗಂಟೆ ಬಸ್ಸಿಗೆ ಕೋಟೆಗೆ, ಅವ್ಳ ತವರಿಗೆ ಕಳ್ಸ್‌ಬುಡಿ ಅಂದೆ. ನನ್ ಸಾಲು ಹೋಯ್ತಲ್ಲ, ಅವ್ಳ ಸಾಲು ನಂಗೆ ಬರ್ಲಿ ಅಂದೆ. ಗುರುಶಾಂತಮ್ಮೋರು ನೋಡಿ ಹೂಂ ಅಂದ್ರೆ ಅಂಗೇ ಆಗ್ಲಿ ಅಂದ್ರು ಮಾವ."

"ಈ ಹಣ್ಣು ಯಾವಾಗ ಕೊಯ್ದಿದ್ದು?" ಎಂದು ಗುರುಶಾಂತಮ್ಮ ಕೇಳಿದರು.

"ಕೊಯ್ದಿದ್ದಲ್ಲ, ಬಿದ್ದ ಮರದ ಬುಡದಾಗೆ ನಿನ್ನೆ ಸಂಜೆ ಆಯ್ದಿದ್ದು. ಮೊದಲ ಹಣ್ಣು ಸತ್ತೋದ ನಮ್ಮತ್ತೆಗೆ ಎಡೆ ಇಡೋಗಂಟ ಯಾರೂ ಕೊಯ್ಯಂಗಿಲ್ಲ. ಎಡೆ ಬರೋ ಸುಕ್ರವಾರ."

ಗುರುಶಾಂತಮ್ಮ ಒಂದು ಹಣ್ಣನ್ನು ಮೂಸಿ ನೋಡಿ ಸೆರಗಿನಲ್ಲಿ ಕಟ್ಟಿಕೊಂಡರು. ಪುಟ್ಟಮಲ್ಲಪ್ಪನವರು ಅಷ್ಟರಲ್ಲಿ ಎರಡು ತಿಂದು ಮುಗಿಸಿದ್ದರು. ಬಾಯಲ್ಲಿಟ್ಟರೆ ಕರಗುವ ಹಣ್ಣು. "ನಿನ್ನನ್ನ ನೋಡಿದ್ದೀನಲ್ಲಮ್ಮ," ಎಂದರು. "ಹೋದ ತಿಂಗಳು ನನ್ನ ಕಸಿ ತರಬೇತಿಯಲ್ಲಿ ಮುಂದಿನ ಸಾಲಲ್ಲಿ ಕೂತು ಬರ್ಕೋತಿದ್ದೆ." ವಾಣಿಶ್ರೀ ಹೌದೆಂದು ತಲೆಯಾಡಿಸಿ ಕಣ್ಣೊರೆಸಿಕೊಂಡಳು. ತಮ್ಮ ಮಾತನ್ನೂ ಬರೆದುಕೊಳ್ಳುವವರು ಇದ್ದಾರಲ್ಲ ಎಂದು ಅವರಿಗೆ ಹಿಗ್ಗಾಯಿತು.

ಮಧ್ಯಾಹ್ನದ ಹೊತ್ತಿಗೆ ಮೂವರೂ ತೋಟದಲ್ಲಿದ್ದರು. ಜಗಲಿಯ ಮೇಲೆ ಸುನಂದಮ್ಮ ಬಟ್ಟೆಯ ಗಂಟು ಪಕ್ಕಕ್ಕಿಟ್ಟುಕೊಂಡು ಕೂತಿದ್ದಳು. ಕೆಂಪಯ್ಯ ಅವಳತ್ತ ನೋಡದೆ ಬಿದ್ದ ಮರಗಳ ಕಡೆ ನಡೆದ. ಐದು ಮರಗಳೂ ಮೂಡಲಿಗೆ ತಲೆ ಹಾಕಿ ಬಿದ್ದಿದ್ದವು. ನೆಲದಿಂದ ಒಂದು ಗೇಣು ಮೇಲೆ, ಕೊಯ್ದಿಟ್ಟಂತೆ ನುಣ್ಣಗೆ ತುಂಡಾಗಿದ್ದವು.

ಪುಟ್ಟಮಲ್ಲಪ್ಪನವರು ಬಗ್ಗಿ ನೋಡಿದ್ದೇ ಎದೆಯುಬ್ಬಿಸಿ ಎದ್ದರು. ಇವತ್ತು ಅವರ ದಿನ! "ಯಾರೂ ಕಡಿದಿಲ್ಲ ಕಣಯ್ಯ ಕೆಂಪಯ್ಯ. ಏಟಿನ ಗುರುತಿಲ್ಲ, ಒಂದು ಚಕ್ಕೆಯೂ ಹಾರಿಲ್ಲ. ಇದು ಕಸಿಯ ಗಂಟು ಬಿಟ್ಟಿರೋದು. ಕೆಳಗಿರೋದು ಕ್ವಿನ್ಸ್ ಅನ್ನೋ ಬೇರೆ ಜಾತಿ ಗಿಡದ ಬೇರು ತಾನೆ?"

"ಊ ಸ್ವಾಮಿ. ಊಟಿ ಕಡೆಯಿಂದ ತಂದಿದ್ದು."

"ಅದೇ. ಕ್ವಿನ್ಸ್ ಬೇರಿಗೂ ಮೇಲಿನ ಮರಸೇಬಿಗೂ ಪೂರ್ತಿ ಬೆಸುಗೆ ಆಗೋದೇ ಇಲ್ಲ. ಜೋರು ಗಾಳಿ ಬಂದರೆ ಗಂಟಿನಲ್ಲೇ ಪಟ್ ಅನ್ನುತ್ತೆ. ನಿನ್ನೆ ಪಡುವಲ ಗಾಳಿ ಬೀಸಿತು, ಮರ ಮೂಡಲಿಗೆ ಬಿತ್ತು. ಮುಗೀತು!"

ಹೆಂಡತಿಗಿಂತ ಮೊದಲು ಬಿಡಿಸಿದೆನೆಂಬ ಸಂತೋಷ ಅವರಿಗೆ ಒಂದು ನಿಮಿಷವೂ ಉಳಿಯಲಿಲ್ಲ.

"ಸರಿ," ಎಂದರು ಗುರುಶಾಂತಮ್ಮ. "ಆರು ಆಷಾಢದ ಗಾಳಿಗೆ ಬೀಳದ ಮರ ಈಗ ಯಾಕೆ ಬಿತ್ತು? ನಿಂತಿರೋ ಎರಡು ಮರಕ್ಕೆ ಬಿದಿರಿನ ಗೂಟ ಇದೆ. ಬಿದ್ದ ಐದರ ಗೂಟ ಎಲ್ಲಿ?"

ಬುಡದ ಪಕ್ಕದಲ್ಲಿ ಗೂಟದ ಗುಳಿಗಳಿಗೆ ಹೊಸ ಮಣ್ಣು ತುಂಬಿತ್ತು. ಗುರುಶಾಂತಮ್ಮ ಬಿದ್ದ ಕಾಯಿಗಳನ್ನು ಎಣಿಸಿದರು. ಹದಿನೇಳು. ಒಂದನ್ನೆತ್ತಿ ಗಂಡನ ಕೈಗಿತ್ತರು. ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಅವರೇಕೆ ಕೊಟ್ಟರೆಂದು ಪುಟ್ಟಮಲ್ಲಪ್ಪನವರಿಗೆ ಆಗ ಹೊಳೆಯಲಿಲ್ಲ.

ಜಗಲಿಗೆ ಬಂದು ಗುರುಶಾಂತಮ್ಮ ನೇರವಾಗಿ ಕೇಳಿದರು. "ಸುನಂದಮ್ಮ, ನಿನಗೆ ಹೊಟ್ಟೆಕಿಚ್ಚಿತ್ತಾ?"

"ಇತ್ತು ಕಣವ್ವ. ಸುಳ್ಯಾಕೆ ಏಳ್ಲಿ? ಅವ್ಳು ಬುಟ್ಟಿ ತುಂಬ್ಕೊಂಡು ಬಂದಾಗೆಲ್ಲ ಒಟ್ಟೇಲಿ ಬೆಂಕಿ ಬೀಳೋದು. ಆರು ವರ್ಸದಲ್ಲಿ ಅವ್ಳ ಒಂದು ಹಣ್ಣು ಬಾಯಿಗಿಟ್ಟಿಲ್ಲ, ಕೊಟ್ರೂ ತಿಂದಿಲ್ಲ. ಆದ್ರೆ ಮರ ಮುಟ್ಟಿಲ್ಲ. ಮರ ಏನು ಮಾಡಿತ್ತು?"

ಗುರುಶಾಂತಮ್ಮ ಎದ್ದರು. "ಎಲ್ಲರೂ ಬ್ಯಾರನ್ ಹತ್ತಿರ ಬನ್ನಿ. ವಾಣಿಶ್ರೀ, ಬೀಗದ ಕೈ ನಿನ್ನ ಸೊಂಟದಲ್ಲೇ ಇದೆಯಲ್ಲ."

ಬ್ಯಾರನ್ ಎಂದರೆ ಹೊಗೆಸೊಪ್ಪು ಬೇಯಿಸುವ ಎತ್ತರದ ಗೂಡು. ಈ ವರ್ಷ ಇನ್ನೂ ಅದಕ್ಕೆ ಬೆಂಕಿ ಹಾಕಿರಲಿಲ್ಲ. ವಾಣಿಶ್ರೀ ಬೀಗದ ಕೈಯನ್ನು ಸೆರಗಿನೊಳಗೆ ಸರಿಸಿಕೊಂಡಳು. "ಅಲ್ಲೇನೈತೆ? ಬರೀ ಹುಲ್ಲು," ಎಂದಳು.

"ಹುಲ್ಲೇ ಬೇಕಾಗಿರೋದು." ಗುರುಶಾಂತಮ್ಮ ಸೆರಗಿನ ಹಣ್ಣು ಬಿಚ್ಚಿ ಕೆಂಪಯ್ಯನ ಮೂಗಿಗೆ ಹಿಡಿದರು. "ಏನು ವಾಸನೆ?"

ಕೆಂಪಯ್ಯ ಮೂಸಿದ. "ಹೊಗೆಸೊಪ್ಪು," ಎಂದು ನಿಧಾನವಾಗಿ ಹೇಳಿದ.

"ಮರಸೇಬು ಮರದ ಮೇಲೆ ಮೆತ್ತಗಾಗಲ್ಲ. ಬಲಿತ ಕಾಯಿ ಕೊಯ್ದು ಎಂಟು ದಿನ ಹುಲ್ಲಲ್ಲಿ ಇಡಬೇಕು. ನಮ್ಮೆಜಮಾನ್ರು ಮೂವತ್ತೈದು ವರ್ಷ ಹೇಳಿದ್ದು ಅದನ್ನೇ. ನಿನ್ನೆ ಬಿದ್ದ ಮರದ ಕಾಯಿ ಇವತ್ತೂ ಕಲ್ಲು. ಹಾಗಾದರೆ ಈ ಹಣ್ಣು ಕೊಯ್ದು ವಾರವಾಯ್ತು. ಎಡೆಗೆ ಮೊದಲೇ ಕದ್ದು ಕೊಯ್ದದ್ದು ಯಾಕೆ? ಐದು ಮರ ಬೀಳುತ್ತವೆ ಅಂತ ವಾಣಿಶ್ರೀಗೆ ಗೊತ್ತಿತ್ತು. ಬೀಳಿಸೋಕೆ ಮನಸ್ಸು ಬಂತು, ಹಣ್ಣು ಹಾಳುಮಾಡೋಕೆ ಬರಲಿಲ್ಲ. ಒಕ್ಕಲ ಮನೆ ಹೆಣ್ಣುಮಗಳಲ್ಲವಾ! ಅದಕ್ಕೇ ಐದು ಮರದ ಕೆಳಗೆ ಹದಿನೇಳೇ ಕಾಯಿ. ನಿನ್ನೆ ಹೊಲಕ್ಕೆ ಹೋಗೋ ಮುಂಚೆ ಗೂಟ ಕಿತ್ತಿಟ್ಟಳು, ಮಿಕ್ಕಿದ್ದನ್ನ ಗಾಳಿ ಮಾಡಿತು."

ಬೀಗ ತೆಗೆದಾಗ ಹುಲ್ಲಿನಡಿ ಹಳದಿ ಹಣ್ಣಿನ ರಾಶಿಯೂ, ತುದಿಗೆ ಹಸಿ ಮಣ್ಣು ಮೆತ್ತಿದ ಐದು ಗೂಟಗಳೂ ಇದ್ದವು. ಎರಡು ಹಣ್ಣು ತಿಂದೂ ಏನೂ ತಿಳಿಯದ ಪುಟ್ಟಮಲ್ಲಪ್ಪನವರಿಗೆ ನೆಲಕ್ಕೆ ಇಳಿದುಹೋಗುವಂತಾಯಿತು.

"ಸ್ವಂತ ಮರ ಯಾರಾದ್ರೂ ಬೀಳಿಸ್ತಾರಾ? ಅದೂ ಫಲ ಬಿಡೋ ಮರ!" ಕೆಂಪಯ್ಯನಿಗೆ ನಂಬಿಕೆಯೇ ಬರಲಿಲ್ಲ.

"ಅವಳು ಬದಲಿಗೆ ಕೇಳಿದ್ದು ಹಣ್ಣಿಲ್ಲದ ಸಾಲು. ನನಗೆ ಮೊದಲು ಅನುಮಾನ ಬಂದದ್ದು ಅದಕ್ಕೇ. ರೀ, ತರಬೇತಿಯಲ್ಲಿ ಬೇರಿನ ಬಗ್ಗೆ ನೀವು ಏನು ಹೇಳಿದ್ರಿ?"

ಪುಟ್ಟಮಲ್ಲಪ್ಪನವರು ನಿಂತಲ್ಲೇ ಪಾಠ ಒಪ್ಪಿಸಿದರು. "ಕ್ವಿನ್ಸ್ ಬೇರು ಮರವನ್ನ ಕುಳ್ಳಗಿಡುತ್ತೆ, ಬೇಗ ಫಲ ಕೊಡುತ್ತೆ, ಹಣ್ಣು ದಪ್ಪ, ಸಿಹಿ. ಆದರೆ ಗೂಟ ಕೊಡದಿದ್ದರೆ ಗಾಳಿಗೆ ಮುರಿಯುತ್ತೆ, ಇಪ್ಪತ್ತು ವರ್ಷಕ್ಕೆ ಅದರ ಕತೆ ಮುಗೀತು. ಕಾಡು ಮರಸೇಬಿನ ಬೇರು ಏಳೆಂಟು ವರ್ಷ ಕಾಯಿಸುತ್ತೆ, ಆಮೇಲೆ ಮೂರು ತಲೆಮಾರು ಉಣ್ಣಿಸುತ್ತೆ ಅಂದೆ."

"ಮೂರು ತಲೆಮಾರು!" ವಾಣಿಶ್ರೀ ಒಮ್ಮೆಲೇ ಸಿಡಿದಳು. "ಅವ್ಳಿಗೆ ಬಾಳೋ ಮರ, ನಂಗೆ ಸಾಯೋ ಮರ! ಯಾಕೆ ಮಾವ? ನಾನೇನು ಹೊರಗಿನೋಳಾ? ಅವತ್ತಿಂದ ಅವ್ಳ ಮರ ನೋಡಿದ್ರೆ ನಿದ್ದೆ ಬರ್ನಿಲ್ಲ ನಂಗೆ."

ಕೆಂಪಯ್ಯ ಗೂಡಿನ ಹೊಸ್ತಿಲ ಮೇಲೆ ಕುಸಿದು ಕೂತ. "ನೀನು ಈ ಮನೆಗೆ ಬಂದಾಗ ಎಲ್ಲಾದ್ಕೂ ಆತುರ ಕಣವ್ವ. ಬೇಗ ಕೈಗೆ ಸಿಕ್ಲಿ, ನಗ್‌ನಗ್ತಾ ಇರ್ಲಿ ಅಂತ ಆ ಬೇರು ಕಟ್ದೆ. ಅವ್ಳಿಗೆ ಯಾರವ್ರೆ ಏಳು? ನಾನು ಹೋದ ಮೇಲೆ ಮರವಾದ್ರೂ ಜತೇಲಿರ್ಲಿ ಅಂತ ಕಾಡು ಬೇರಿಗೆ ಕಟ್ದೆ. ಬಾಯಿ ಬುಟ್ಟು ಏಳ್ನಿಲ್ಲ, ಅದು ನನ್ ತಪ್ಪು."

ವಾಣಿಶ್ರೀ ಬಾಗಿಲಿಗೆ ತಲೆ ಆನಿಸಿ ಅಳುತ್ತಿದ್ದಳು, ಬೆಳಗಿನ ಹಾಗೆ ಗೊಳೋ ಎಂದಲ್ಲ. ರಸ್ತೆಯಲ್ಲಿ ಕೋಟೆಯ ಬಸ್ಸು ಹಾರನ್ ಹೊಡೆಯಿತು. ಕೆಂಪಯ್ಯ ಕಿರಿಸೊಸೆಯತ್ತ ತಿರುಗಿದ. ಈಗ ಯಾರು ಮನೆ ಬಿಡಬೇಕೆಂದು ಅವನು ಹೇಳುವುದಕ್ಕೆ ಮೊದಲೇ ಸುನಂದಮ್ಮ ಕಂಕುಳಲ್ಲಿದ್ದ ಬಟ್ಟೆಯ ಗಂಟನ್ನು ಕೆಳಗಿಟ್ಟು ಹುಲ್ಲಿನಿಂದ ಒಂದು ಹಣ್ಣು ಎತ್ತಿಕೊಂಡಳು.

ಸೆರಗಿಗೆ ಒರೆಸಿ ಕಚ್ಚಿದಳು. ರಸ ಗಲ್ಲಕ್ಕೆ ಇಳಿಯಿತು. ಆರು ವರ್ಷದಲ್ಲಿ ಇದೇ ಮೊದಲು.

"ಇಷ್ಟು ಸಿಹಿ ಇತ್ತಾ?" ಎಂದಳು. ಇನ್ನೊಮ್ಮೆ ಕಚ್ಚಿ, ಉಳಿದದ್ದನ್ನು ವಾಣಿಶ್ರೀಯ ಕಡೆ ಚಾಚಿದಳು. "ಅಳ್ಬ್ಯಾಡ, ಆ ಗೂಟ ಎತ್ಕೊ. ನಿಂತಿರೋ ಎರಡು ಮರಕ್ಕೆ ಜೋಡಿ ಗೂಟ ಕಟ್ಟುವ. ಗಾಳಿ ಇನ್ನೂ ನಿಂತಿಲ್ಲ."

ಬಸ್ಸು ಯಾರನ್ನೂ ಹತ್ತಿಸಿಕೊಳ್ಳದೆ ಹೋಯಿತು.

ಮರುವಾರ ಹುಣಸೂರಿನ ಮನೆಯ ಬಾಗಿಲನ್ನು ಇನ್ಯಾರೋ ತಟ್ಟಿದರು. ಪುಟ್ಟಮಲ್ಲಪ್ಪನವರೇ ತೆಗೆದರು. ಬಂದವರು ಬಾಯಿ ತೆರೆಯುವ ಮೊದಲೇ, "ಅಮ್ನೋರು ಒಳಗಿದ್ದಾರೆ, ಬನ್ನಿ," ಎಂದರು. ಹೊಟ್ಟೆಯಲ್ಲಿ ಆಗಲೂ ಒಂದು ಚೂರು ಉರಿಯಿತು. ಒಳಗೆ ಹೋಗಿ ಹೆಂಡತಿಗೆ ಆ ಉರಿಯನ್ನು ಬಾಯಿಬಿಟ್ಟು ಹೇಳಿಯೇಬಿಟ್ಟರು.