ಹನ್ನೆರಡು ಚಮಚ

ಮೂವತ್ತೆರಡು ವರ್ಷ ರೇಡಿಯೋದಲ್ಲಿ ರೈತರ ಪತ್ರಗಳಿಗೆ ಉತ್ತರ ಓದಿದವನು ನಾನು, ದೆವ್ವ ನಂಬಿದವನಲ್ಲ. ಮೊದಲ ವರ್ಷ ಬಾಯಿ ತಪ್ಪಿ, ಒಂದು ಕೊಡ ನೀರಿಗೆ ಎರಡು ಚಮಚ ಕೀಟನಾಶಕ ಎನ್ನುವ ಬದಲು ಹನ್ನೆರಡು ಎಂದಿದ್ದೆ. ಮರುದಿನ ಅದೇ ಹೊತ್ತಿಗೆ ತಿದ್ದಿ ಹೇಳಿದೆ. ಒಂದು ಮನೆಯ ರೇಡಿಯೋದಲ್ಲಿ ಅಂದು ಸೆಲ್ ಮುಗಿದಿತ್ತಂತೆ, ತಿದ್ದಿದ ಮಾತು ತಲುಪಲಿಲ್ಲ. ಆ ಮನೆಯ ರೈತ ಔಷಧಿ ಹೊಡೆಯುತ್ತಲೇ ಹೊಲದಲ್ಲಿ ಬಿದ್ದು ಸತ್ತ.

ನಿವೃತ್ತಿಯ ದಿನ ಮಧ್ಯಾಹ್ನ ಕೊನೆಯ ರೆಕಾರ್ಡಿಂಗಿಗೆ ಕೂತೆ. ಬಾಗಿಲು ಮುಚ್ಚಿದ ಸ್ಟುಡಿಯೋದಲ್ಲಿ ಕೀಟನಾಶಕದ ಘಾಟು. ಮೈಕಿನ ಜಾಲರಿ ಮುಟ್ಟಿದರೆ ಒದ್ದೆ. ಒಂದೊಂದು ಪತ್ರ ಮುಗಿದಾಗಲೂ ಹೆಡ್‌ಫೋನಿನಲ್ಲಿ ಕೊಡದ ಅಂಚಿಗೆ ಚಮಚ ತಟ್ಟುವ ಸದ್ದು. ಎಣಿಸಿದೆ. ಪ್ರತಿ ಸಲವೂ ಹನ್ನೆರಡು.

ತಡೆಯಲಾಗದೆ ಮೈಕಿಗೇ ಹೇಳಿಬಿಟ್ಟೆ: “ಎರಡು ಸಾಕಪ್ಪ, ಒಂದು ಕೊಡಕ್ಕೆ ಎರಡೇ ಚಮಚ.”

ಸದ್ದು ನಿಂತಿತು. ಗಾಜಿನಾಚೆಯಿಂದ ತಂತ್ರಜ್ಞ ಕೇಳಿದ, “ಎರಡು ಚಮಚ ಅನ್ನೋದು ಪತ್ರದಲ್ಲಿಲ್ಲ ಸರ್. ತೆಗೆದುಬಿಡ್ಲಾ?”

“ಇರಲಿ ಬಿಡಪ್ಪ. ಸರಿಯಾಗೇ ಇದೆಯಲ್ಲ.”

ಸಂಜೆ ಮನೆಯಲ್ಲಿ ಹೆಂಡತಿಯ ಜೊತೆ ಕೂತು ರೇಡಿಯೋದಲ್ಲಿ ಆ ಕಾರ್ಯಕ್ರಮ ಕೇಳಿದೆ. ನನ್ನದೇ ದನಿ, ನಿಧಾನವಾಗಿ: “ಹನ್ನೆರಡು ಹಾಕಪ್ಪ, ಒಂದು ಕೊಡಕ್ಕೆ ಹನ್ನೆರಡು ಚಮಚ.”

“ಅಷ್ಟೊಂದು ಹಾಕ್ತಾರೇನ್ರೀ?” ಎಂದಳು.

ಮರುದಿನ ತಿದ್ದಿ ಹೇಳಲು ನನಗೆ ಮೈಕಿರಲಿಲ್ಲ.